ನಿಮಗಷ್ಟೇ ಕಾಣುವ ಜಾಹೀರಾತು: ಕಂಪನಿಗಳು ನಿಮ್ಮ ಫೋನಿನೊಳಗೆ ಬರುವ ದಾರಿ ಯಾವುದು?

ಬಸ್‌ಸ್ಟ್ಯಾಂಡ್ ಎದುರಿನ ಗೋಡೆ ಮೇಲೆ ಸಿಮೆಂಟ್ ಕಂಪನಿಯ ಜಾಹೀರಾತು ಬರೆದಿದ್ದರೆ ಅದು ಊರಿಗೆಲ್ಲ ಕಾಣುತ್ತೆ. ಶಾಲೆಗೆ ಹೋಗೋ ಹುಡುಗಿಗೂ, ಟೀ ಅಂಗಡಿಯಲ್ಲಿ ಕೂತ ಮೇಸ್ತ್ರಿಗೂ, ಬೇರೆ ಸಿಮೆಂಟ್ ಮಾರುವ ಡೀಲರಿಗೂ ಕಾಣೋದು ಅದೇ ಸಾಲು. ಅದರಲ್ಲಿ ಸುಳ್ಳಿದ್ದರೆ ಯಾರಾದರೊಬ್ಬರು ಎದ್ದು ಕೇಳಬಹುದು. ಪತ್ರಿಕೆ, ರೇಡಿಯೊ, ಟಿವಿ ಜಾಹೀರಾತುಗಳ ಕತೆಯೂ ಇಷ್ಟೇ.

ಈಗ ನಿಮ್ಮ ಇನ್‌ಸ್ಟಾಗ್ರಾಂ ತೆರೆದು, ಪಕ್ಕದಲ್ಲಿರುವವರ ಫೋನಿನ ಜೊತೆ ಇಟ್ಟು ನೋಡಿ. ಒಂದರಲ್ಲಿ ಕೆಎಎಸ್ ಕೋಚಿಂಗ್, ಮತ್ತೊಂದರಲ್ಲಿ ಐದು ನಿಮಿಷದಲ್ಲಿ ಸಾಲ. ಅವರಿಗೆ ಏನು ತೋರಿಸಿದ್ದಾರೆ ಅಂತ ನಿಮಗೆ ಗೊತ್ತಾಗೋದಿಲ್ಲ, ನಿಮಗೆ ತೋರಿಸಿದ್ದು ಅವರಿಗೆ ಗೊತ್ತಾಗೋದಿಲ್ಲ. ಡಿಜಿಟಲ್ ಮಾರ್ಕೆಟಿಂಗ್ ಬಗ್ಗೆ ಸಾವಿರ ಮಾತು ಕೇಳಿರುತ್ತೀರಿ. ನನ್ನ ಪ್ರಕಾರ ಅದು ತಂದ ದೊಡ್ಡ ಬದಲಾವಣೆ ಇದೊಂದೇ: ಸಾರ್ವಜನಿಕವಾಗಿದ್ದ ಜಾಹೀರಾತು ಖಾಸಗಿಯಾಯಿತು. ಎಲ್ಲರಿಗೂ ಕಾಣದ ಮಾತನ್ನು ಎಲ್ಲರೂ ಸೇರಿ ಪ್ರಶ್ನಿಸುವುದು ಕಷ್ಟ. ಈ ಯಂತ್ರ ಒಳಗೆ ಹೇಗೆ ಓಡುತ್ತೆ, ಕಾನೂನು ಎಲ್ಲಿಯವರೆಗೆ ಬಂದಿದೆ, ನಾವು ಏನು ಕೇಳಬೇಕು ಅನ್ನೋದನ್ನು ಒಂದೊಂದಾಗಿ ನೋಡೋಣ.

ದುಡ್ಡು ಎಲ್ಲಿಂದ ಬರುತ್ತೆ?

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರರ ಒಡೆಯ ಮೆಟಾ. ಈ ಕಂಪನಿಯ 2024ರ ಒಟ್ಟು ಆದಾಯ ಸುಮಾರು 164.5 ಬಿಲಿಯನ್ ಡಾಲರ್. ಅದರಲ್ಲಿ ಸುಮಾರು 160.6 ಬಿಲಿಯನ್ ಜಾಹೀರಾತಿನಿಂದಲೇ ಬಂದದ್ದು, ಅಂದರೆ ನೂರಕ್ಕೆ 97 ರೂಪಾಯಿಗಿಂತ ಹೆಚ್ಚು. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ಗೂ ಆದಾಯದ ದೊಡ್ಡ ಪಾಲು ಬರೋದು ಜಾಹೀರಾತಿನಿಂದ. ನಾವು ಇವನ್ನು ಟೆಕ್ನಾಲಜಿ ಕಂಪನಿ ಅಂತ ಕರೆಯುತ್ತೇವೆ. ಲೆಕ್ಕಪುಸ್ತಕ ತೆಗೆದು ನೋಡಿದರೆ ಇವು ಜಾಹೀರಾತು ಕಂಪನಿಗಳು.

ವೆಬ್‌ನಲ್ಲಿ ಬ್ಯಾನರ್ ಜಾಹೀರಾತು ಶುರುವಾದದ್ದು 1994ರಲ್ಲಿ, ಹಾಟ್‌ವೈರ್ಡ್ ಎಂಬ ಅಮೆರಿಕದ ತಾಣದಲ್ಲಿ. ಆ ಬ್ಯಾನರ್ ಪುಟ ತೆರೆದವರಿಗೆಲ್ಲ ಒಂದೇ ಥರ ಕಾಣುತ್ತಿತ್ತು, ಗೋಡೆ ಬರಹದ ಹಾಗೇ. 2000ದಲ್ಲಿ ಗೂಗಲ್ ಆ್ಯಡ್‌ವರ್ಡ್ಸ್ ತಂದು, ನೀವು ಹುಡುಕಿದ ಪದಕ್ಕೆ ತಕ್ಕ ಜಾಹೀರಾತು ತೋರಿಸತೊಡಗಿತು. ಫೇಸ್‌ಬುಕ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನೀವು ಏನು ಹುಡುಕಿದಿರಿ ಅನ್ನೋದರ ಜೊತೆಗೆ ನೀವು ಯಾರು ಅನ್ನೋದನ್ನೂ ಅದು ಮಾರಾಟದ ಲೆಕ್ಕಕ್ಕೆ ತಂದಿತು.

ಅವರಿಗೆ ನಾವು ಹೇಗೆ ಗೊತ್ತು?

ಮುಖ್ಯವಾಗಿ ಮೂರು ದಾರಿ.

ಮೊದಲನೆಯದು ಆ್ಯಪ್ ಒಳಗಿನ ನಡವಳಿಕೆ. ಲೈಕ್ ಮತ್ತು ಶೇರ್ ಇದರಲ್ಲಿ ಸಣ್ಣ ಭಾಗ. ಯಾವ ರೀಲ್ ಮೇಲೆ ಎಷ್ಟು ಸೆಕೆಂಡ್ ನಿಂತಿರಿ, ಯಾವುದನ್ನು ಎರಡು ಸಲ ನೋಡಿದಿರಿ, ಎಲ್ಲಿ ಬೆರಳು ಮೇಲೆ ಸರಿಸಿದಿರಿ ಅನ್ನೋದೆಲ್ಲ ದಾಖಲಾಗುತ್ತೆ. ಬಾಯಿಬಿಟ್ಟು ಹೇಳದ್ದನ್ನೂ ಬೆರಳು ಹೇಳಿಬಿಡುತ್ತೆ.

ಎರಡನೆಯದು ಪಿಕ್ಸೆಲ್. ಬಟ್ಟೆ ಮಾರುವ ವೆಬ್‌ಸೈಟಿನವರು ತಮ್ಮ ಪುಟದಲ್ಲಿ ಮೆಟಾ ಅಥವಾ ಗೂಗಲ್ ಕೊಟ್ಟ ನಾಲ್ಕಾರು ಸಾಲಿನ ಕೋಡ್ ಹಾಕಿಕೊಂಡಿರುತ್ತಾರೆ. ನೀವು ಒಂದು ಕುರ್ತಾ ನೋಡಿ, ಕಾರ್ಟ್‌ಗೆ ಹಾಕಿ, ದುಡ್ಡು ಕೊಡದೆ ಹೊರಬಂದರೆ ಆ ಸುದ್ದಿ ಕ್ಷಣದಲ್ಲಿ ಪ್ಲಾಟ್‌ಫಾರ್ಮ್‌ಗೆ ಮುಟ್ಟುತ್ತೆ. ಅದೇ ಕುರ್ತಾ ವಾರವಿಡೀ ಇನ್‌ಸ್ಟಾಗ್ರಾಂನಲ್ಲಿ ಹಿಂದೆ ಬೀಳೋದು ಹೀಗೆ.

ಮೂರನೆಯದು ನಮ್ಮ ಮೊಬೈಲ್ ನಂಬರ್. ಭಾರತದಲ್ಲಿ ಇದು ತುಂಬಾ ಮುಖ್ಯ, ಯಾಕೆಂದರೆ ಚಪ್ಪಲಿ ಅಂಗಡಿಯಿಂದ ಔಷಧಿ ಅಂಗಡಿವರೆಗೆ ಬಿಲ್ಲಿಂಗ್ ಕೌಂಟರಿನಲ್ಲಿ ಕೇಳೋ ಮೊದಲ ಪ್ರಶ್ನೆಯೇ "ನಂಬರ್ ಹೇಳಿ ಸರ್". ಹೀಗೆ ಸೇರಿದ ಗ್ರಾಹಕರ ಪಟ್ಟಿಯನ್ನು ಕಂಪನಿಗಳು ಪ್ಲಾಟ್‌ಫಾರ್ಮ್‌ಗೆ ಏರಿಸಬಹುದು. ನಂಬರನ್ನು ಹಾಗೇ ಕಳಿಸೋದಿಲ್ಲ, ಹ್ಯಾಶ್ ಮಾಡಿ, ಅಂದರೆ ಗಣಿತದ ಸೂತ್ರಕ್ಕೆ ಹಾಕಿ ಉದ್ದನೆಯ ಸಂಕೇತವಾಗಿ ಮಾಡಿ ಕಳಿಸುತ್ತೇವೆ ಅಂತಾರೆ. ಕೇಳೋಕೆ ಸುರಕ್ಷಿತ ಅನ್ನಿಸುತ್ತೆ. ಆದರೆ ಎಂಜಿನಿಯರಿಂಗ್ ಓದಿದ ಯಾರಿಗೇ ಆದರೂ ಗೊತ್ತಿರೋ ಸಂಗತಿ: ಒಂದೇ ನಂಬರಿಗೆ ಒಂದೇ ಸೂತ್ರ ಹಾಕಿದರೆ ಎಲ್ಲೇ ಆದರೂ ಒಂದೇ ಉತ್ತರ ಬರುತ್ತೆ. ನಿಮ್ಮ ನಂಬರ್ ಮೊದಲೇ ಇರುವ ಪ್ಲಾಟ್‌ಫಾರ್ಮ್ ಅದನ್ನೂ ಅದೇ ಸೂತ್ರಕ್ಕೆ ಹಾಕಿ, ಎರಡನ್ನು ಹೊಂದಿಸಿ ನಿಮ್ಮನ್ನು ಹುಡುಕಿಕೊಳ್ಳುತ್ತೆ. ಹಾಗೆ ಹೊಂದಿಸೋದೇ ಇದರ ಉದ್ದೇಶ.

ಪಟ್ಟಿ ಸಿಕ್ಕ ಮೇಲೆ 'ಲುಕ್‌ಅಲೈಕ್' ಬರುತ್ತೆ. "ನನ್ನ ಈ ಸಾವಿರ ಗ್ರಾಹಕರ ಹಾಗೇ ಇರುವ ಹತ್ತು ಲಕ್ಷ ಜನರನ್ನು ಹುಡುಕಿಕೊಡು" ಅಂದರೆ ಯಂತ್ರ ಹುಡುಕಿಕೊಡುತ್ತೆ. ಆ ಕಂಪನಿಯ ಹೆಸರೇ ಕೇಳಿರದ ನಿಮಗೂ ಅದರ ಜಾಹೀರಾತು ಬರೋದು ಈ ದಾರಿಯಲ್ಲಿ.

ಹಾಗಾದರೆ ಫೋನ್ ನಮ್ಮ ಮಾತು ಕದ್ದು ಕೇಳುತ್ತಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದಾಗ, ಮೈಕ್ ಮೂಲಕ ಗುಟ್ಟಾಗಿ ಮಾತು ಕೇಳಿಸಿಕೊಳ್ಳುವ ಪುರಾವೆ ಸಿಗಲಿಲ್ಲ. ಕೆಲವು ಆ್ಯಪ್‌ಗಳು ಸ್ಕ್ರೀನ್ ಮೇಲೆ ನಡೆಯುವುದನ್ನೇ ರೆಕಾರ್ಡ್ ಮಾಡಿ ಬೇರೆ ಕಂಪನಿಗೆ ಕಳಿಸೋದು ಮಾತ್ರ ಸಿಕ್ಕಿತು. ಮೇಲಿನ ಮೂರು ದಾರಿ ಇರುವಾಗ ಮಾತು ಕೇಳಿಸಿಕೊಳ್ಳುವ ಕಷ್ಟವನ್ನು ಯಾರಾದರೂ ಯಾಕೆ ಪಡಬೇಕು ಅನ್ನೋದು ನನ್ನ ಅಭಿಪ್ರಾಯ.

'ಲೊಕೇಶನ್ ಆಫ್ ಮಾಡಿದ್ದೇನೆ' ಅನ್ನುವ ನೆಮ್ಮದಿಗೂ ಒಂದು ಎಚ್ಚರಿಕೆ ನಮ್ಮ ಬೆಂಗಳೂರಿನಿಂದಲೇ ಇದೆ. ಇಲ್ಲಿ ನೆಲೆಯಿರುವ ಮೊಬೈಲ್ ಜಾಹೀರಾತು ಕಂಪನಿ ಇನ್‌ಮೊಬಿ, ಬಳಕೆದಾರರು ಲೊಕೇಶನ್‌ಗೆ ಅನುಮತಿ ಕೊಡದಿದ್ದಾಗಲೂ ಸುತ್ತಲಿನ ವೈಫೈ ನೆಟ್‌ವರ್ಕ್‌ಗಳ ಮಾಹಿತಿಯಿಂದ ಅವರು ಎಲ್ಲಿದ್ದಾರೆ ಅಂತ ಊಹಿಸುತ್ತಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಕೋಟ್ಯಂತರ ಜನರ, ಮಕ್ಕಳದ್ದೂ ಸೇರಿ, ಜಾಡು ಹಿಡಿದ ಈ ಪ್ರಕರಣವನ್ನು ಕಂಪನಿ 2016ರಲ್ಲಿ 9.5 ಲಕ್ಷ ಡಾಲರ್ ದಂಡ ಕಟ್ಟಿ ಇತ್ಯರ್ಥ ಮಾಡಿಕೊಂಡಿತು. ಗಮನಿಸಿ, ದಂಡ ಹಾಕಿಸಿದ್ದು ಅಮೆರಿಕದ ಕಾನೂನು. ಆಗ ನಮ್ಮಲ್ಲಿ ಡೇಟಾ ರಕ್ಷಣೆಗೆಂದೇ ಒಂದು ಕಾಯ್ದೆ ಇರಲಿಲ್ಲ.

ನಿಮ್ಮ ಎರಡು ಸೆಕೆಂಡಿಗೆ ಹರಾಜು

ಎಪಿಎಂಸಿ ಯಾರ್ಡಿನಲ್ಲಿ ಒಂದು ರಾಶಿ ಮೆಣಸಿನಕಾಯಿಗೆ ಹಲವು ಖರೀದಿದಾರರು ಬೆಲೆ ಹಾಕೋದನ್ನು ನೋಡಿರುತ್ತೀರಿ. ನೀವು ಆ್ಯಪ್ ತೆರೆದಾಗಲೂ ಅಂಥದ್ದೇ ಹರಾಜು ನಡೆಯುತ್ತೆ. ಹರಾಜಿಗಿರೋದು ನಿಮ್ಮ ಸ್ಕ್ರೀನಿನ ಒಂದು ಜಾಗ, ಅದರ ಮೇಲೆ ನಿಮ್ಮ ಕಣ್ಣು ನಿಲ್ಲುವ ಎರಡು ಸೆಕೆಂಡು. ವೆಬ್‌ಸೈಟುಗಳಲ್ಲಿ ನಡೆಯುವ ಇಂಥ ಹರಾಜು ಸಾಮಾನ್ಯವಾಗಿ 100 ಮಿಲಿಸೆಕೆಂಡಿನ ಆಸುಪಾಸು ಮುಗಿದಿರುತ್ತೆ. ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ.

ಯಾರ್ಡಿನಲ್ಲಿ ಹೆಚ್ಚು ಬೆಲೆ ಹಾಕಿದವನಿಗೆ ಮಾಲು. ಇಲ್ಲಿ ಹಾಗಿಲ್ಲ. ಹಾಕಿದ ಬೆಲೆಯನ್ನು, ನೀವು ಆ ಜಾಹೀರಾತಿಗೆ ಸ್ಪಂದಿಸುವ ಸಾಧ್ಯತೆಯಿಂದ ಗುಣಿಸುತ್ತಾರೆ. ಜಾಹೀರಾತಿನ ಗುಣಮಟ್ಟಕ್ಕೂ ಒಂದಿಷ್ಟು ಅಂಕ ಸೇರುತ್ತೆ. ಅದನ್ನು ಬದಿಗಿಟ್ಟು, ಸಂಖ್ಯೆಗಳನ್ನು ಕಲ್ಪಿಸಿಕೊಂಡು ಒಂದು ಲೆಕ್ಕ ಮಾಡೋಣ.

ಇಳಕಲ್ ಸೀರೆ ಮಾರುವವರು ಒಂದು ಆರ್ಡರಿಗೆ 60 ರೂಪಾಯಿ ಕೊಡಲು ಸಿದ್ಧ. ನೀವು ಕೊಳ್ಳುವ ಸಾಧ್ಯತೆ ಶೇ. 2. ಗುಣಿಸಿದರೆ 1.20 ರೂಪಾಯಿ. ಸಾಲದ ಆ್ಯಪ್ ಒಂದು ಇನ್‌ಸ್ಟಾಲ್‌ಗೆ 200 ರೂಪಾಯಿ ಕೊಡುತ್ತೆ. ನೀವು ಇನ್‌ಸ್ಟಾಲ್ ಮಾಡುವ ಸಾಧ್ಯತೆ ಶೇ. 0.4. ಗುಣಿಸಿದರೆ 80 ಪೈಸೆ. ಸೀರೆಯವರು ಗೆದ್ದರು.

ತಿಂಗಳ ಕೊನೆ ಬಂತು. ಮನೆಯಲ್ಲಿ ಯಾರಿಗೋ ಹುಷಾರಿಲ್ಲ. ನೀವು ಒಂದೆರಡು ಸಾಲದ ವೆಬ್‌ಸೈಟ್ ತೆರೆದು ನೋಡಿದಿರಿ. ಈಗ ಯಂತ್ರದ ಅಂದಾಜಿನಲ್ಲಿ ಸಾಧ್ಯತೆ ಶೇ. 1ಕ್ಕೆ ಏರಿತು. 200ರಿಂದ ಗುಣಿಸಿದರೆ 2 ರೂಪಾಯಿ. ಸಾಲದ ಆ್ಯಪ್ ಗೆದ್ದಿತು. ಯಾರೂ ಕೂತು "ಇವರು ಕಷ್ಟದಲ್ಲಿದ್ದಾರೆ, ಸಾಲ ತೋರಿಸೋಣ" ಅಂತ ತೀರ್ಮಾನ ಮಾಡಲಿಲ್ಲ. ನಿಮ್ಮ ಕಷ್ಟ ಲೆಕ್ಕದಲ್ಲಿ ಒಂದು ದೊಡ್ಡ ಅಂಕಿಯಾಗಿ ಕಂಡಿತು, ಅಷ್ಟೇ. ಆ ಜಾಹೀರಾತಿನಲ್ಲಿ ಬಡ್ಡಿ ಬಗ್ಗೆ ಸುಳ್ಳಿದ್ದರೆ ಅದನ್ನು ಓದುತ್ತಿರುವುದು ನಿಮ್ಮಷ್ಟೇ ಅವಸರದಲ್ಲಿರುವ ಜನ ಮಾತ್ರ. ಎದ್ದು ಕೇಳುವ ಡೀಲರ್, ಮೇಸ್ತ್ರಿ, ಮೇಷ್ಟ್ರು ಅಲ್ಲಿಲ್ಲ.

ಜಾಹೀರಾತೇ ಅಲ್ಲ ಅನ್ನಿಸುವ ಜಾಹೀರಾತು

ಇನ್‌ಫ್ಲುಯೆನ್ಸರ್ ಮಾರ್ಕೆಟಿಂಗ್ ಇದೇ ಖಾಸಗಿತನದ ಇನ್ನೊಂದು ಮುಖ. ದಿನಾ ನೋಡುವ ಮುಖ, ನಮ್ಮೂರ ಕಡೆಯ ಮಾತು, "ನಾನೂ ಇದನ್ನೇ ಬಳಸೋದು ಕಣ್ರೀ" ಅನ್ನುವ ಧಾಟಿ. ಕಂಪನಿಗೆ ಬೇಕಿರೋದು ಆ ಸಲುಗೆ. ಅದಕ್ಕೇ ಸಿನಿಮಾ ತಾರೆಯರ ಜೊತೆಗೆ, ಕೆಲವೇ ಸಾವಿರ ಫಾಲೋವರ್ಸ್ ಇರುವವರಿಗೂ ಕಂಪನಿಗಳು ದುಡ್ಡು, ಸಾಮಾನು, ಟ್ರಿಪ್ ಕೊಡುತ್ತವೆ.

ಇದಕ್ಕೆ ನಿಯಮಗಳಿವೆ. ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲೇ ಮಾರ್ಗಸೂಚಿ ತಂದಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಜನವರಿ 2023ರಲ್ಲಿ ಇನ್ನಷ್ಟು ಬಿಡಿಸಿ ಹೇಳಿತು: ದುಡ್ಡು ಪಡೆದಿರಲಿ, ಉಚಿತ ಉಡುಗೊರೆ ಪಡೆದಿರಲಿ, ಸಂಬಂಧ ಇದ್ದರೆ ಬಹಿರಂಗಪಡಿಸಬೇಕು. ವಿಡಿಯೊ ಆದರೆ ವಿಡಿಯೊದೊಳಗೇ, ಮಾತಿನಲ್ಲೂ ಅಕ್ಷರದಲ್ಲೂ ಹೇಳಬೇಕು. ಕೆಳಗೆ ಹ್ಯಾಶ್‌ಟ್ಯಾಗ್ ರಾಶಿಯಲ್ಲಿ ಅಡಗಿಸಿದರೆ ಸಾಲದು. ಗ್ರಾಹಕ ರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಪ್ರಚಾರ ಮಾಡಿದವರಿಗೆ ಮೊದಲು 1 ವರ್ಷ, ನಂತರ 3 ವರ್ಷದವರೆಗೆ ಪ್ರಚಾರ ನಿಷೇಧವನ್ನೂ ಹೇರಬಹುದು.

ನಮಗೆ ಉಪಯೋಗವಾಗುವ ಇನ್ನೊಂದು ನಿಯಮ 2022ರ ಮಾರ್ಗಸೂಚಿಯಲ್ಲಿದೆ. ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಆಸೆ ತೋರಿಸಿ, ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಎಸ್ಸೆಮ್ಮೆಸ್‌ಗೆ ಬೇಲಿ, ವಾಟ್ಸ್‌ಆ್ಯಪ್‌ಗೆ?

ಎಸ್ಸೆಮ್ಮೆಸ್ ಮತ್ತು ಕರೆಗಳಿಗೆ ಟ್ರಾಯ್ ನಿಯಮಗಳಿವೆ. 1909ಕ್ಕೆ ಹೇಳಿ ಪ್ರಚಾರದ ಸಂದೇಶ ಬೇಡ ಅನ್ನಬಹುದು. 2025ರಿಂದ ಕಳಿಸಿದವರ ಹೆಸರಿನ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತೆ: ಪಿ ಅಂದರೆ ಪ್ರಚಾರ, ಎಸ್ ಅಂದರೆ ಸೇವೆ, ಟಿ ಅಂದರೆ ವಹಿವಾಟು, ಜಿ ಅಂದರೆ ಸರ್ಕಾರ.

ವಾಟ್ಸ್‌ಆ್ಯಪ್‌ಗೆ ಈ ಬೇಲಿ ಇಲ್ಲ. ಅಲ್ಲಿ ಕಂಪನಿ ಕಳಿಸುವ ಪ್ರತಿ ಮಾರ್ಕೆಟಿಂಗ್ ಸಂದೇಶಕ್ಕೂ ಮೆಟಾಗೆ ದುಡ್ಡು ಹೋಗುತ್ತೆ. ಯಾರನ್ನು ಬ್ಲಾಕ್ ಮಾಡಬಹುದು, ಎಷ್ಟು ಸಂದೇಶ ಬರಬಹುದು ಅನ್ನೋ ನಿಯಮ ಬರೆಯೋದೂ ಆ ಸಂದೇಶದಿಂದ ಗಳಿಸುವ ಕಂಪನಿಯೇ.

ಸಣ್ಣ ವ್ಯಾಪಾರಿಗೆ ಲಾಭವೋ ಬಾಡಿಗೆಯೋ?

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳಬೇಕು. ಶಿರಸಿಯ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮನೆಯಲ್ಲೇ ಮಾಡಿ ಮಾರುವವರು ಹಿಂದೆ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡೋದು ಕನಸಿನ ಮಾತು. ಈಗ ದಿನಕ್ಕೆ ಕೆಲವು ನೂರು ರೂಪಾಯಿ ಇಟ್ಟು, ಪುಣೆಯಲ್ಲೋ ದುಬೈಯಲ್ಲೋ ಇರುವ ಕನ್ನಡಿಗರಿಗೆ ತಮ್ಮ ಡಬ್ಬಿ ತೋರಿಸಬಹುದು. ಇದು ನಿಜವಾದ ಅನುಕೂಲ, ಅಲ್ಲಗಳೆಯುವಂತಿಲ್ಲ.

ಆದರೆ ಅದೇ ಗ್ರಾಹಕರಿಗೆ ಮುಂದಿನ ತಿಂಗಳೂ ಕಾಣಬೇಕಾದರೆ ಮತ್ತೆ ದುಡ್ಡು ಹಾಕಬೇಕು. ಹರಾಜಿಗೆ ಇನ್ನೂ ನಾಲ್ಕು ಜನ ಬಂದರೆ ರೇಟು ಏರುತ್ತೆ. ಫಾಲೋವರ್ಸ್ ಪಟ್ಟಿ ನಿಮ್ಮದೇ ಅನ್ನಿಸಿದರೂ ಅವರನ್ನು ಮುಟ್ಟುವ ಬಾಗಿಲಿನ ಬೀಗ ಪ್ಲಾಟ್‌ಫಾರ್ಮ್ ಕೈಯಲ್ಲಿದೆ. ಪ್ಲಾಟ್‌ಫಾರ್ಮ್‌ಗೂ ಮೇಲೊಬ್ಬ ಯಜಮಾನ ಇರಬಹುದು. ಆ್ಯಪಲ್ ಏಪ್ರಿಲ್ 2021ರಲ್ಲಿ, ಬೇರೆ ಆ್ಯಪ್‌ಗಳಲ್ಲಿ ಜಾಡು ಹಿಡಿಯುವ ಮೊದಲು ಬಳಕೆದಾರರ ಒಪ್ಪಿಗೆ ಕೇಳಲೇಬೇಕು ಅಂತ ನಿಯಮ ತಂದಿತು. ಇದರಿಂದ 2022ರಲ್ಲಿ ಸುಮಾರು 10 ಬಿಲಿಯನ್ ಡಾಲರ್ ಆದಾಯ ತಪ್ಪಬಹುದು ಎಂದು ಮೆಟಾ ಅಂದಾಜಿಸಿತು. 'ಒಪ್ಪಿಗೆ ಇದೆಯಾ?' ಎಂದು ಒಂದೇ ಒಂದು ಸಲ ನೇರವಾಗಿ ಕೇಳಿದ್ದಕ್ಕೆ ತೆತ್ತ ಬೆಲೆ ಅದು. ಅಲ್ಲಿಯವರೆಗೆ ಒಪ್ಪಿಗೆ ಅನ್ನೋದು ಎಷ್ಟು ನಾಮಕಾವಾಸ್ತೆ ಆಗಿತ್ತು ಅಂತ ಇದರಿಂದಲೇ ತಿಳಿಯಬಹುದು.

ವಂಚಕರೂ ಗ್ರಾಹಕರೇ

ಈ ಹರಾಜಿನಲ್ಲಿ ದುಡ್ಡು ಹಾಕುವವರಲ್ಲಿ ವಂಚಕರೂ ಇದ್ದಾರೆ. ಹೂಡಿಕೆ ಆ್ಯಪ್‌ಗಳ ಪ್ರಚಾರಕ್ಕೆ ತಮ್ಮ ಡೀಪ್‌ಫೇಕ್ ಚಿತ್ರ, ವಿಡಿಯೊ ಬಳಸುತ್ತಿದ್ದಾರೆ, ನಂಬಬೇಡಿ ಎಂದು ಇನ್ಫೊಸಿಸ್‌ನ ನಾರಾಯಣ ಮೂರ್ತಿ ಡಿಸೆಂಬರ್ 2023ರಲ್ಲೇ ಎಚ್ಚರಿಸಬೇಕಾಯಿತು.

ನವೆಂಬರ್ 2025ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಮೆಟಾದ ಆಂತರಿಕ ದಾಖಲೆಗಳನ್ನು ಆಧರಿಸಿ ವರದಿ ಮಾಡಿತು. 2024ರ ಆದಾಯದಲ್ಲಿ ಸುಮಾರು ಶೇ. 10ರಷ್ಟು, ಅಂದರೆ 16 ಬಿಲಿಯನ್ ಡಾಲರ್, ವಂಚನೆ ಮತ್ತು ನಿಷೇಧಿತ ವಸ್ತುಗಳ ಜಾಹೀರಾತಿನಿಂದ ಬರಬಹುದು ಎಂದು ಕಂಪನಿಯೇ ಒಳಗೊಳಗೆ ಅಂದಾಜಿಸಿತ್ತು ಅನ್ನುತ್ತೆ ಆ ವರದಿ. ಜಾಹೀರಾತುದಾರ ವಂಚಕ ಅಂತ ಶೇ. 95ರಷ್ಟು ಖಾತ್ರಿಯಾದರೆ ಮಾತ್ರ ನಿಷೇಧ, ಅದಕ್ಕಿಂತ ಕಡಿಮೆ ಅನುಮಾನ ಇದ್ದರೆ ಹೆಚ್ಚು ರೇಟು ಹಾಕೋದು ಪದ್ಧತಿಯಾಗಿತ್ತಂತೆ. ಆ ಅಂದಾಜು ಒರಟಾದದ್ದು, ಅದರಲ್ಲಿ ಸರಿಯಾದ ಜಾಹೀರಾತುಗಳೂ ಸೇರಿಹೋಗಿವೆ ಎಂದು ಮೆಟಾ ಅಲ್ಲಗಳೆದಿದೆ. ಇಬ್ಬರ ವಾದವನ್ನೂ ಪಕ್ಕಕ್ಕಿಟ್ಟರೂ ಒಂದು ಪ್ರಶ್ನೆ ಉಳಿಯುತ್ತೆ. ಊರಿನ ಮಾರಿಗುಡಿ ಎದುರು ಇಂಥದ್ದೊಂದು ನಕಲಿ ಬೋರ್ಡ್ ಎಷ್ಟು ದಿನ ನಿಲ್ಲುತ್ತಿತ್ತು?

ಕಾನೂನು ಎಲ್ಲಿಯವರೆಗೆ ಬಂದಿದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 24 ಆಗಸ್ಟ್ 2017ರಂದು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಲ್ಲಿಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬರೋಕೆ 6 ವರ್ಷ ಬೇಕಾಯಿತು. ಆಗಸ್ಟ್ 2023ರಲ್ಲಿ ಕಾಯ್ದೆ, ನವೆಂಬರ್ 2025ರಲ್ಲಿ ನಿಯಮಗಳು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರೋದು ಅಲ್ಲಿಂದ 18 ತಿಂಗಳ ನಂತರ, ಅಂದರೆ 2027ರ ಮೇ ಹೊತ್ತಿಗೆ.

ಕಾಯ್ದೆಯಲ್ಲಿ ಒಳ್ಳೆಯದಿದೆ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು. ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ 8ನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು, ಅಂದರೆ ಕನ್ನಡದಲ್ಲಿ ಕೇಳುವುದು ನಮ್ಮ ಹಕ್ಕು. 18 ವರ್ಷದೊಳಗಿನವರ ಜಾಡು ಹಿಡಿದು ಅವರಿಗೆ ಗುರಿಯಿಟ್ಟ ಜಾಹೀರಾತು ತೋರಿಸುವಂತಿಲ್ಲ. ಇದರ ಜೊತೆಗೆ, ಮೋಸದ ಬಟನ್ ಮತ್ತು ಅಡಗಿಸಿದ ಶುಲ್ಕದಂಥ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನು ಗ್ರಾಹಕ ರಕ್ಷಣಾ ಪ್ರಾಧಿಕಾರ ನವೆಂಬರ್ 2023ರಲ್ಲಿ ನಿಷೇಧಿಸಿದೆ.

ಕೊರತೆಯೂ ಇದೆ. ಒಪ್ಪದಿದ್ದರೆ ಆ್ಯಪೇ ಇಲ್ಲ ಅನ್ನುವಾಗ ಒಪ್ಪಿಗೆಗೆ ಏನರ್ಥ? ವಾಟ್ಸ್‌ಆ್ಯಪ್‌ನ 2021ರ ಪಾಲಿಸಿ ಹೀಗೇ 'ಒಪ್ಪಿ, ಇಲ್ಲ ಬಿಡಿ' ಅನ್ನುವಂತಿತ್ತು ಎಂದು ಭಾರತೀಯ ಸ್ಪರ್ಧಾ ಆಯೋಗ ನವೆಂಬರ್ 2024ರಲ್ಲಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಜಾಹೀರಾತಿಗಾಗಿ ಡೇಟಾ ಹಂಚಿಕೊಳ್ಳದಂತೆ 5 ವರ್ಷ ನಿರ್ಬಂಧವನ್ನೂ ಹೇರಿತು. ಮೇಲ್ಮನವಿ ನ್ಯಾಯಮಂಡಳಿ ನವೆಂಬರ್ 2025ರಲ್ಲಿ ದಂಡವನ್ನು ಉಳಿಸಿ, 5 ವರ್ಷದ ನಿರ್ಬಂಧವನ್ನು ತೆಗೆದುಹಾಕಿತು. ಇಂಥ ಕಂಪನಿಗೆ ದಂಡ ಒಂದು ಖರ್ಚಿನ ಬಾಬ್ತು. ನಿರ್ಬಂಧ ಆಗಿದ್ದರೆ ವ್ಯವಹಾರವನ್ನೇ ಬದಲಿಸಿಕೊಳ್ಳಬೇಕಾಗುತ್ತಿತ್ತು.

ನಾವು ಕೇಳಬೇಕಾದ್ದೇನು?

ವೈಯಕ್ತಿಕವಾಗಿ ಮಾಡಬಹುದಾದ್ದು ಕೆಲವಿದೆ. ಅಂಗಡಿಯಲ್ಲಿ ನಂಬರ್ ಕೊಡೋದು ಕಡ್ಡಾಯ ಅಲ್ಲ. ಅದಕ್ಕಾಗಿ ಗ್ರಾಹಕರನ್ನು ಒತ್ತಾಯಿಸಬೇಡಿ ಎಂದು ಕೇಂದ್ರ ಸರ್ಕಾರ ಮೇ 2023ರಲ್ಲೇ ವ್ಯಾಪಾರಿಗಳಿಗೆ ಸೂಚಿಸಿದೆ. ಜಾಹೀರಾತಿನ ಮೂಲೆಯ ಮೂರು ಚುಕ್ಕಿ ಒತ್ತಿ, ಇದು ನಿಮಗೆ ಯಾಕೆ ಬಂತು ಅಂತ ನೋಡಿ. ದಾರಿ ತಪ್ಪಿಸುವ ಜಾಹೀರಾತಿಗೆ 1915, ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ 1930.

ಆದರೆ ಸೆಟ್ಟಿಂಗ್ ಬದಲಿಸಿ ವ್ಯವಸ್ಥೆ ಬದಲಿಸೋಕೆ ಆಗಲ್ಲ. ಮೊದಲ ಬೇಡಿಕೆ, ಖಾಸಗಿಯಾದ ಜಾಹೀರಾತನ್ನು ಮತ್ತೆ ಸಾರ್ವಜನಿಕ ಮಾಡಿ ಅನ್ನೋದಾಗಿರಬೇಕು. ಇದು ಆಗದ ಮಾತಲ್ಲ. ಕೇಂಬ್ರಿಡ್ಜ್ ಅನಲಿಟಿಕಾ ಹಗರಣ ಹೊರಬಂದ 2018ರ ನಂತರ ಒತ್ತಡ ಹೆಚ್ಚಿ, 2019ರಿಂದ ಭಾರತದಲ್ಲೂ ರಾಜಕೀಯ ಜಾಹೀರಾತುಗಳನ್ನು ಮೆಟಾ ತನ್ನ ಆ್ಯಡ್ ಲೈಬ್ರರಿಯಲ್ಲಿ ಇಡುತ್ತಿದೆ. ದುಡ್ಡು ಕೊಟ್ಟವರು ಯಾರು, ಸುಮಾರು ಎಷ್ಟು ಖರ್ಚಾಯಿತು ಅನ್ನೋದು ಅಲ್ಲಿ 7 ವರ್ಷ ಇರುತ್ತೆ. ಚುನಾವಣೆ ಹೊತ್ತಿನಲ್ಲಿ ಪತ್ರಕರ್ತರು ಪಕ್ಷಗಳ ಆನ್‌ಲೈನ್ ಖರ್ಚಿನ ಲೆಕ್ಕ ತೆಗೆಯೋದು ಅಲ್ಲಿಂದಲೇ. ವ್ಯಾಪಾರದ ಜಾಹೀರಾತುಗಳಾದರೆ ನಮ್ಮಲ್ಲಿ ಓಡುತ್ತಿರುವಷ್ಟು ಹೊತ್ತು ಮಾತ್ರ ಅಲ್ಲಿ ಕಾಣುತ್ತವೆ. ನಿನ್ನೆ ನಿಮ್ಮ ತಂದೆಯವರ ಫೋನಿಗೆ ಬಂದು, ಇವತ್ತು ನಿಂತುಹೋದ ನಕಲಿ ಟ್ರೇಡಿಂಗ್ ಜಾಹೀರಾತನ್ನು ಹುಡುಕಿದರೆ ಸಿಗೋದಿಲ್ಲ. ಯುರೋಪಿನಲ್ಲಿ ಡಿಜಿಟಲ್ ಸರ್ವೀಸಸ್ ಆ್ಯಕ್ಟ್ ಪ್ರಕಾರ ದೊಡ್ಡ ಪ್ಲಾಟ್‌ಫಾರ್ಮ್‌ಗಳು ಎಲ್ಲ ಬಗೆಯ ಜಾಹೀರಾತನ್ನೂ, ಅದು ನಿಂತ ಮೇಲೂ 1 ವರ್ಷ, ಯಾರಿಗೆ ಗುರಿಯಿಟ್ಟಿದ್ದರು ಅನ್ನುವ ವಿವರದೊಂದಿಗೆ ಸಾರ್ವಜನಿಕವಾಗಿ ಇಡಬೇಕು. ಅಲ್ಲಿ ಆಗುವುದು ಇಲ್ಲಿ ಯಾಕಾಗಲ್ಲ ಅನ್ನೋದಕ್ಕೆ ತಾಂತ್ರಿಕ ಕಾರಣ ಒಂದೂ ಇಲ್ಲ. ಇರೋದು ಕಾನೂನಿನ ಕೊರತೆ, ಕೇಳುವವರ ಕೊರತೆ.

ಸಾಬೂನು ಮಾರುವ ಯಂತ್ರ ಮತ್ತು ಮತ ಕೇಳುವ ಯಂತ್ರ ಬೇರೆ ಬೇರೆ ಅಲ್ಲ. ಪಟ್ಟಿ ಅದೇ, ಹರಾಜು ಅದೇ, ಲುಕ್‌ಅಲೈಕ್ ಅದೇ. ಚುನಾವಣೆ ಬಂದಾಗ ಮಾತ್ರ ಇದರ ಬಗ್ಗೆ ಸಿಟ್ಟಾಗಿ, ಉಳಿದ ನಾಲ್ಕೂವರೆ ವರ್ಷ ಅದನ್ನು 'ಬರೀ ಮಾರ್ಕೆಟಿಂಗ್' ಅಂತ ಬಿಟ್ಟರೆ, ಆ ನಾಲ್ಕೂವರೆ ವರ್ಷದಲ್ಲಿ ಯಂತ್ರ ನಮ್ಮ ಮೇಲೇ ಅಭ್ಯಾಸ ಮಾಡಿಕೊಂಡಿರುತ್ತೆ. 2027ರ ಮೇ ಬರೋಕೆ ಮುಂಚೆ ನಿಮ್ಮ ಸಂಸದರಿಗೆ ಒಂದು ಪ್ರಶ್ನೆ ಕೇಳಿ: ನಮ್ಮ ಊರಿನ ಗೋಡೆ ಮೇಲೆ ಏನು ಬರೆದಿದ್ದಾರೆ ಅಂತ ನಮಗೆಲ್ಲ ಕಾಣುತ್ತೆ, ನಮ್ಮ ಊರಿನವರ ಫೋನುಗಳಲ್ಲಿ ಏನು ಬರೆಯುತ್ತಿದ್ದಾರೆ ಅಂತ ನಮಗೆ ಯಾವಾಗ ಕಾಣುತ್ತೆ?